ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಒಂದು ಪೆನ್‌ಡ್ರೈವ್ ತಗೊಳ್ಳಿ: ವಿಂಡೋಸ್‌ನಿಂದ ಲಿನಕ್ಸ್ ಮಿಂಟ್‌ಗೆ ಬರುವವರಿಗೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ಮುಗಿಯಿತು. ಅದಾಗಿ ಸ್ವಲ್ಪ ದಿನಕ್ಕೆ ತಿಪಟೂರಿನಿಂದ ನಮ್ಮಕ್ಕ ಫೋನ್ ಮಾಡಿದಳು. ಅವಳು ಶಾಲೆ ಟೀಚರ್. "ಪರದೆ ಮೇಲೆ ಏನೋ ಎಚ್ಚರಿಕೆ ಬರ್ತಾನೇ ಇದೆ ಕಣೋ, ಅಂಗಡಿಯವರನ್ನ ಕೇಳಿದ್ರೆ ಇದಕ್ಕೆ ಹನ್ನೊಂದು ಹಾಕೋಕೆ ಬರಲ್ಲ, ಹೊಸದು ತಗೊಳ್ಳಿ ಅಂತಾರೆ, ಏನ್ ಮಾಡ್ಲಿ?"

ಅಂಗಡಿಯವರು ಹೇಳಿದ್ದು ಅರ್ಧ ನಿಜ. ಅವಳ ಲ್ಯಾಪ್‌ಟಾಪ್‌ನಲ್ಲಿ ಇರುವುದು ಐ3-6006ಯು ಪ್ರೊಸೆಸರ್, ಅಂದರೆ ಇಂಟೆಲ್‌ನ ಆರನೇ ತಲೆಮಾರು. ವಿಂಡೋಸ್ 11 ಕೇಳುವುದು ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್. ಹಾಗಾಗಿ ಮೈಕ್ರೋಸಾಫ್ಟ್ ಒಪ್ಪುವ ರೀತಿಯಲ್ಲಿ ಹನ್ನೊಂದು ಹಾಕಲು ಆಗಲ್ಲ ಅನ್ನೋದು ಸರಿ. ಆದರೆ ಹೊಸದನ್ನೇ ಕೊಳ್ಳಬೇಕು ಅನ್ನೋದು ಸರಿಯಲ್ಲ. ಕೀಬೋರ್ಡ್, ಪರದೆ ಎಲ್ಲ ಚೆನ್ನಾಗಿರುವ ಯಂತ್ರವನ್ನು ಮೂಲೆಗೆ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಇನ್ನೂ ಒಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ಒಂದು ಯೋಜನೆಯನ್ನೂ ಮೈಕ್ರೋಸಾಫ್ಟ್ ತಂದಿತು, 2026ರ ಅಕ್ಟೋಬರ್‌ವರೆಗೆ ಅಂತ. ಅದು ಯೋಚನೆ ಮಾಡಲು ಸಿಗುವ ಸಮಯ ಅಷ್ಟೆ.

ನಾನು ಹೇಳುವ ಕ್ರಮ ಇದು. ಮೊದಲು ಲಿನಕ್ಸ್ ಮಿಂಟ್ ಅನ್ನೋ ಹೊಸ ಕಾರ್ಯಾಚರಣಾ ವ್ಯವಸ್ಥೆಯನ್ನು, ಅಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ತಂತ್ರಾಂಶವನ್ನು, ಹಳೆ ಲ್ಯಾಪ್‌ಟಾಪ್ ಮೇಲೆ, ಪೆನ್‌ಡ್ರೈವ್‌ನಿಂದ, ಏನನ್ನೂ ಅಳಿಸದೆ ನೋಡಿ. ಅದಕ್ಕೆ ಕೈ ಹೊಂದಿದ ಮೇಲೆ ಲ್ಯಾಪ್‌ಟಾಪ್ ಬೇಕೋ ಬೇಡವೋ ಅಂತ ತೀರ್ಮಾನ ಮಾಡಿ. ಜಾಸ್ತಿ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ಲ್ಯಾಪ್‌ಟಾಪ್ ತರುತ್ತಾರೆ, ಆಮೇಲೆ ಅದರಲ್ಲಿ ಏನೇನು ನಡೆಯಲ್ಲ ಅಂತ ಗೊತ್ತಾಗುತ್ತದೆ.

ಒಂದು ವಾರ ಪಟ್ಟಿ ಬರೆಯಿರಿ

ಸುಮ್ನೆ ಒಂದು ಹಾಳೆ ತಗೊಂಡು ಒಂದು ವಾರ ನೀವು ಕಂಪ್ಯೂಟರ್‌ನಲ್ಲಿ ಏನೇನು ಮಾಡುತ್ತೀರಿ ಅಂತ ಬರೆದಿಡಿ. ಅಕ್ಕನ ಪಟ್ಟಿಯಲ್ಲಿ ಇದ್ದದ್ದು ಇಷ್ಟು: ಬ್ರೌಸರ್‌ನಲ್ಲಿ ಶಾಲಾ ಮಕ್ಕಳ ದಾಖಲೆಯ ಎಸ್‌ಎಟಿಎಸ್ ಜಾಲತಾಣ, ವಾಟ್ಸಾಪ್ ವೆಬ್, ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಎಕ್ಸೆಲ್‌ನಲ್ಲಿ ಅಂಕಪಟ್ಟಿ, ಯೂಟ್ಯೂಬ್, ಪ್ರಿಂಟ್. ಹೆಚ್ಚಿನದು ಬ್ರೌಸರ್ ಒಳಗೇ ಇದೆ ನೋಡಿ. ಬ್ರೌಸರ್ ಒಳಗಿನ ಕೆಲಸಕ್ಕೆ ಹೊರಗೆ ಯಾವ ವ್ಯವಸ್ಥೆ ಇದೆ ಅನ್ನೋದು ಅಷ್ಟಾಗಿ ಲೆಕ್ಕಕ್ಕೆ ಬರಲ್ಲ.

ನಿಮ್ಮ ಪಟ್ಟಿಯಲ್ಲಿ ಟ್ಯಾಲಿ, ಫೋಟೋಶಾಪ್, ಕೋರೆಲ್‌ಡ್ರಾ, ಪೇಜ್‌ಮೇಕರ್ ಇದ್ದರೆ ಇಲ್ಲಿಗೇ ನಿಲ್ಲಿಸಿ. ಇವು ಯಾವುವೂ ಈಗ ಲಿನಕ್ಸ್‌ಗೆ ಸಿಗಲ್ಲ. ಹೇಗೋ ಮಾಡಿ ಓಡಿಸುವ ದಾರಿಗಳನ್ನು ಜನ ಹೇಳುತ್ತಾರೆ, ಆದರೆ ಅದನ್ನು ನಂಬಿ ಡಿಟಿಪಿ ಅಂಗಡಿ ನಡೆಸಬೇಡಿ. ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಟೆಂಡರ್ ಹಾಕುವವರೂ ವಿಂಡೋಸ್ ಇರುವ ಒಂದು ಯಂತ್ರ ಇಟ್ಟುಕೊಳ್ಳುವುದೇ ಒಳ್ಳೆಯದು. ಅಂಥವರು ಕೊನೆಯಲ್ಲಿರುವ ಲ್ಯಾಪ್‌ಟಾಪ್ ಆರಿಸುವ ಭಾಗಕ್ಕೆ ನೇರ ಹೋಗಬಹುದು.

ಪೆನ್‌ಡ್ರೈವ್ ಸಿದ್ಧ ಮಾಡುವುದು

ಲಿನಕ್ಸ್‌ನಲ್ಲಿ ನೂರಾರು ಬಗೆ ಇವೆ. ಯಾವುದು ಒಳ್ಳೆಯದು ಅಂತ ತಿಂಗಳುಗಟ್ಟಲೆ ವಿಡಿಯೋ ನೋಡಬೇಡಿ. ವಿಂಡೋಸ್ ಬಳಸಿದ ಕೈಗೆ ಲಿನಕ್ಸ್ ಮಿಂಟ್ ಹತ್ತಿರ: ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ. 2006ರಿಂದ ಬರುತ್ತಿದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಇದರಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ರೂಪ ಇವೆ. 8 ಜಿಬಿ ರಾಮ್ ಇದ್ದರೆ ಸಿನಮನ್, 4 ಜಿಬಿ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ.

ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್, ಅಂದರೆ ಇಡೀ ಮಿಂಟ್ ಇರುವ ಒಂದೇ ಫೈಲ್, ಇಳಿಸಿಕೊಳ್ಳಿ. ಅದು ಸುಮಾರು 3 ಜಿಬಿ ಬರುತ್ತದೆ, ಮೊಬೈಲ್ ಡೇಟಾದಲ್ಲಿ ಮಾಡುವವರು ನೋಡಿಕೊಳ್ಳಿ. 8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಮಗಳ ಮದುವೆ ಫೋಟೋ ಇರುವ ಪೆನ್‌ಡ್ರೈವ್ ಬೇಡ. ಫೈಲನ್ನು ಸುಮ್ನೆ ಕಾಪಿ ಮಾಡಿ ಹಾಕಿದರೆ ಆಗಲ್ಲ, ರೂಫಸ್ ಅಥವಾ ಬಲೇನಾ ಎಚ್ಚರ್ ಅನ್ನೋ ಉಚಿತ ತಂತ್ರಾಂಶದಿಂದ ಬರೆಯಬೇಕು.

ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನು, ಅಂದರೆ ಯಾವುದರಿಂದ ಶುರು ಮಾಡಬೇಕು ಅಂತ ಕೇಳುವ ಪಟ್ಟಿ, ತೆರೆಯುವ ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಯುಎಸ್‌ಬಿ ಆರಿಸಿಕೊಂಡರೆ ಒಂದೆರಡು ನಿಮಿಷದಲ್ಲಿ ಮಿಂಟ್ ತೆರೆದುಕೊಳ್ಳುತ್ತದೆ. ಇನ್ನೂ ಏನೂ ಅಳಿದಿಲ್ಲ, ನಿಮ್ಮ ವಿಂಡೋಸ್ ಹಾಗೇ ಇದೆ. ಮುಂದೆ ಹೋಗುವ ಮುಂಚೆ ಈಗಲೇ ಎಲ್ಲವನ್ನೂ ಪರೀಕ್ಷೆ ಮಾಡಿ. ವೈಫೈ ಸಿಗುತ್ತಾ? ಸೌಂಡ್ ಬರುತ್ತಾ? ಕ್ಯಾಮೆರಾ, ಟಚ್‌ಪ್ಯಾಡ್, ಬೆಳಕು ಹೆಚ್ಚು ಕಡಿಮೆ ಮಾಡುವ ಕೀ? ಪ್ರಿಂಟರ್ ಚುಚ್ಚಿ ಒಂದು ಹಾಳೆ ಪ್ರಿಂಟ್ ತೆಗೆಯಿರಿ. ಎಚ್‌ಪಿ ಪ್ರಿಂಟರ್‌ಗಳು ಹೆಚ್ಚಿನವು ತಕರಾರಿಲ್ಲದೆ ನಡೆಯುತ್ತವೆ. ಉಳಿದ ಕಂಪನಿಗಳ ಹಳೆ ಲೇಸರ್ ಪ್ರಿಂಟರ್‌ಗಳಲ್ಲಿ ಕೆಲವು ಕಾಟ ಕೊಡುತ್ತವೆ, ಮಾಡೆಲ್ ನಂಬರ್ ಹಾಕಿ ಮೊದಲೇ ಹುಡುಕಿ ನೋಡಿ.

ವೈಫೈ ಸಿಗದಿದ್ದರೆ ಗಾಬರಿ ಬೇಡ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಇಂಟರ್ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಎಷ್ಟೋ ಸಲ ಅದೇ ವೈಫೈ ಡ್ರೈವರ್ ಹುಡುಕಿ ಕೊಡುತ್ತದೆ.

ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ, ಆಫ್ ಮಾಡಿದರೆ ನೀವು ಮಾಡಿದ ಬದಲಾವಣೆಗಳು ಉಳಿಯಲ್ಲ. ಅದು ಸಹಜ.

ಅಳಿಸುವ ಮುಂಚೆ

ಇಲ್ಲಿ ಅವಸರ ಮಾಡಬೇಡಿ. ಫೋಟೋ, ದಾಖಲೆ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಎಲ್ಲ ಬೇರೆ ಕಡೆ ಪ್ರತಿ ತೆಗೆದಿಡಿ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್ ಮರೆಯಬೇಡಿ, ನಮ್ಮ ಕಡೆ ಎಲ್ಲರ ಮುಖ್ಯ ಫೈಲ್ ಇರುವುದು ಅಲ್ಲೇ ಅಲ್ವಾ? ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ, ಆನ್ ಇದೆಯಾ ನೋಡಿ. ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡು ಆಫ್ ಮಾಡಿ, ಇಲ್ಲದಿದ್ದರೆ ಆಮೇಲೆ ಆ ಡಿಸ್ಕ್ ತೆರೆಯಲು ಕಷ್ಟ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮುಖ್ಯ ಕೆಲಸ ಇದೆ. ‘ನುಡಿ’, ‘ಬರಹ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆ ಫಾಂಟ್‌ನಲ್ಲಿ, ಅಂದರೆ ಯೂನಿಕೋಡ್ (ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಕಾಣುವ ಅಕ್ಷರ ಸಂಕೇತ) ಬರುವ ಮುಂಚಿನ ರೀತಿಯಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆ ಮೇಲೆ ಗೆರೆ ಇರುವ ಏನೇನೋ ಕಾಣುತ್ತವೆ. ಕಡತ ಹಾಳಾಗಿಲ್ಲ, ಓದಲು ಬೇಕಾದ ಫಾಂಟ್ ಇಲ್ಲ ಅಷ್ಟೆ. ವಿಂಡೋಸ್ ಇನ್ನೂ ಇರುವಾಗಲೇ, ನುಡಿ ತಂತ್ರಾಂಶದ ಜೊತೆ ಬರುವ ಪರಿವರ್ತಕ ಬಳಸಿ ಮುಖ್ಯವಾದವನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು ಇರುವ ಪದಗಳಲ್ಲಿ ತಪ್ಪು ಉಳಿದಿರಬಹುದು. ಆ ಹಳೆ ಫಾಂಟ್ ಫೈಲ್‌ಗಳನ್ನೂ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಮಿಂಟ್‌ನಲ್ಲಿ ಅವನ್ನು ಹಾಕಿಕೊಂಡರೆ ಹಳೆ ಕಡತ ಓದಲಾದರೂ ಬರುತ್ತದೆ.

ಹಾರ್ಡ್‌ಡಿಸ್ಕ್ ಇರುವ ಹಳೆ ಲ್ಯಾಪ್‌ಟಾಪ್ ಆದರೆ ನನ್ನ ಸಲಹೆ ಒಂದೇ. ಆ ಡಿಸ್ಕ್ ಮುಟ್ಟಬೇಡಿ, ಬಿಚ್ಚಿ ತೆಗೆದಿಡಿ. ಆ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿ, ಅದರ ಮೇಲೆ ಮಿಂಟ್ ಹಾಕಿ. ಇದರಿಂದ ಎರಡು ಲಾಭ. ಯಂತ್ರದ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ, ಮತ್ತು ಮಿಂಟ್ ಹೊಂದಲಿಲ್ಲ ಅಂದರೆ ಹಳೆ ಡಿಸ್ಕ್ ವಾಪಸ್ ಹಾಕಿದರೆ ನಿಮ್ಮ ವಿಂಡೋಸ್ ಇದ್ದ ಹಾಗೇ ಎದ್ದು ಕೂರುತ್ತದೆ. ಅಕ್ಕನಿಗೆ ಧೈರ್ಯ ಬಂದದ್ದೇ ಈ ಮಾತಿನಿಂದ. ಅವಳ ಹಳೆ ಡಿಸ್ಕ್ ಈಗ ಒಂದು ಯುಎಸ್‌ಬಿ ಕೇಸ್ ಒಳಗೆ ಕೂತು ಬ್ಯಾಕಪ್ ಆಗಿದೆ. ರಾಮ್ 4 ಜಿಬಿ ಇದ್ದರೆ ಅದೇ ದಿನ 8 ಮಾಡಿಸಿಬಿಡಿ, ಯಾಕಂದರೆ ಲಿನಕ್ಸ್ ಎಷ್ಟೇ ಹಗುರ ಇದ್ದರೂ ಹತ್ತು ಟ್ಯಾಬ್ ತೆರೆದ ಬ್ರೌಸರ್ ಯಾವ ವ್ಯವಸ್ಥೆಯಲ್ಲೂ ಅಷ್ಟೇ ತಿನ್ನುತ್ತದೆ.

ಒಂದೇ ಡಿಸ್ಕ್‌ನಲ್ಲಿ ವಿಂಡೋಸ್ ಜೊತೆ ಎರಡನ್ನೂ ಇಡುವುದಾದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ಮಿಂಟ್‌ನಿಂದ ವಿಂಡೋಸ್ ಡ್ರೈವ್‌ಗೆ ಏನೂ ಬರೆಯಲು ಬಿಡಲ್ಲ. ಇನ್ನೊಂದು ವಿಚಿತ್ರ ಕಾಣಬಹುದು: ಮಿಂಟ್ ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಲಿನಕ್ಸ್ ಯಂತ್ರದೊಳಗಿನ ಗಡಿಯಾರದಲ್ಲಿ ಗ್ರೀನಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ವಿಂಡೋಸ್‌ನ ಸಮಯದ ಸೆಟ್ಟಿಂಗ್‌ನಲ್ಲಿ ಸಿಂಕ್ ಒತ್ತಿದರೆ ಸರಿಹೋಗುತ್ತದೆ.

ಹಾಕುವ ಕೆಲಸ ಸುಲಭ. ಡೆಸ್ಕ್‌ಟಾಪ್ ಮೇಲಿರುವ ಇನ್‌ಸ್ಟಾಲ್ ಚಿತ್ರ ಒತ್ತಿ ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಹೋಗಿ. ಮಲ್ಟಿಮೀಡಿಯಾ ಕೋಡೆಕ್ ಬೇಕಾ ಅಂದಾಗ ಟಿಕ್ ಹಾಕಿ. ಡಿಸ್ಕ್ ಅಳಿಸಲಾ ಅಂತ ಕೇಳುವ ಪುಟದಲ್ಲಿ ಮಾತ್ರ ಎರಡು ಸಲ ಓದಿ.

ಕನ್ನಡ ಬರಬೇಕಲ್ಲ

ನನ್ನ ಮಟ್ಟಿಗೆ ಹೊಸ ವ್ಯವಸ್ಥೆ ನಮ್ಮದಾಗುವುದು ಅದರಲ್ಲಿ ಕನ್ನಡ ಸಲೀಸಾಗಿ ಬರೆಯಲು ಬಂದಾಗ. ಎಷ್ಟೋ ಜನ ಇಲ್ಲಿಗೆ ಬಂದು ಕೈಚೆಲ್ಲಿ ವಾಪಸ್ ಹೋಗುತ್ತಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಓದಲು ತೊಂದರೆ ಇಲ್ಲ. ಅಕ್ಷರದ ರೂಪ ಇಷ್ಟವಾಗದಿದ್ದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟ್‌ಗಳು ಸಿಗುತ್ತವೆ. ಬರೆಯಲು ಹೀಗೆ ಮಾಡಿ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಬೇರೆ ಭಾಷೆ ಟೈಪ್ ಮಾಡಲು ಬೇಕಾಗುವ ಐಬಸ್ ಮತ್ತು ಐಬಸ್-ಎಂ17ಎನ್ (ibus, ibus-m17n) ಎರಡನ್ನೂ ಹಾಕಿಕೊಳ್ಳಿ. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಿ. ಲಾಗ್ ಔಟ್ ಆಗಿ ಮತ್ತೆ ಬನ್ನಿ, ಈ ಹೆಜ್ಜೆ ಬಿಟ್ಟರೆ ಏನೂ ಬದಲಾಗಿರಲ್ಲ. ಈಗ ಐಬಸ್ ಪ್ರಿಫರೆನ್ಸಸ್ ತೆರೆದು ಕನ್ನಡ ಸೇರಿಸಿ.

ಅಲ್ಲಿ ಕನ್ನಡದ ಕೆಳಗೆ ಕೆಲವು ಹೆಸರು ಕಾಣುತ್ತವೆ. ನುಡಿಯಲ್ಲಿ ಕೈ ಕೂತವರು ಕೆಜಿಪಿ ಆರಿಸಿ. ಅದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ದಾರಿಯಲ್ಲೇ ಬಂದದ್ದು. ಎಫ್ ಕೀ ಒತ್ತಿ ಒತ್ತಕ್ಷರ ಮಾಡುವ ಅದೇ ರೂಢಿ ಇಲ್ಲೂ ನಡೆಯುತ್ತದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಇಂಗ್ಲಿಷ್ ಉಚ್ಚಾರಣೆಯಲ್ಲಿ ಬರೆದು ಅಭ್ಯಾಸ ಇರುವ ಬರಹ ಬಳಕೆದಾರರಿಗೆ ಐಟ್ರಾನ್ಸ್ ಹತ್ತಿರ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಇಂಗ್ಲಿಷ್‌ನಿಂದ ಕನ್ನಡಕ್ಕೆ ದಾಟಲು ಸಾಮಾನ್ಯವಾಗಿ ವಿಂಡೋಸ್ ಚಿತ್ರದ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಬೇಕು. ಅದು ಕೈಗೆ ಆಗದಿದ್ದರೆ ಅದೇ ಸೆಟ್ಟಿಂಗ್‌ನಲ್ಲಿ ಬೇರೆ ಕೀ ಇಟ್ಟುಕೊಳ್ಳಿ.

ಹಾಕಿದ ಮೇಲೆ ಅರ್ಕಾವತಿ, ಸ್ವಾತಂತ್ರ್ಯ, ರಾಷ್ಟ್ರ, ಜ್ಞಾನ, ಕೃಷ್ಣ ಈ ಐದು ಪದ ಬರೆದು ನೋಡಿ. ಇವು ಸರಿಯಾಗಿ ಬಂದರೆ ಮಿಕ್ಕಿದ್ದೆಲ್ಲ ಬರುತ್ತದೆ.

ಲಿಬ್ರೆ ಆಫೀಸ್‌ನಲ್ಲಿ ಒಂದು ತೊಡಕು ಇದೆ. ಅದು ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಅಂತ ಬೇರೆಬೇರೆ ಲೆಕ್ಕ ಇಟ್ಟುಕೊಳ್ಳುತ್ತದೆ. ಟೂಲ್ಸ್, ಆಪ್ಷನ್ಸ್ ಒಳಗೆ ಭಾಷೆಗಳ ಪುಟಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವ ಕಡೆ ಕನ್ನಡ ಆರಿಸಿ, ರೈಟರ್‌ನ ಮೂಲ ಫಾಂಟ್ ಪುಟದಲ್ಲಿ ಕನ್ನಡದ ಫಾಂಟ್ ಮತ್ತು ಗಾತ್ರ ಹಾಕಿ. ಇದನ್ನು ಮಾಡದೆ ಜನ ಗಂಟೆಗಟ್ಟಲೆ ಗಾತ್ರ ಸರಿಮಾಡುತ್ತಾ ಕೂರುವುದನ್ನು ನೋಡಿದ್ದೇನೆ. ವರ್ಡ್‌ನ ಕಡತ ಇಲ್ಲಿ ತೆರೆಯುತ್ತದೆ, ಆದರೆ ಟೇಬಲ್, ಅಂಚು ಸ್ವಲ್ಪ ಸರಿಯಬಹುದು. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ.

ಮೊದಲ ಮೂರು ವಾರ

ಮೊದಲ ವಾರ ಸಿಟ್ಟು ಬರುತ್ತದೆ, ಅದು ಎಲ್ಲರಿಗೂ. ಸಿ ಡ್ರೈವ್ ಡಿ ಡ್ರೈವ್ ಕಾಣಲ್ಲ. ನಿಮ್ಮದೆಲ್ಲ ಹೋಮ್ ಅನ್ನೋ ಒಂದು ಫೋಲ್ಡರ್ ಒಳಗಿರುತ್ತದೆ, ಹೊರಗಿನದಕ್ಕೆ ಕೈ ಹಾಕುವ ಅಗತ್ಯ ಇಲ್ಲ. ಫೈಲ್ ಹೆಸರಲ್ಲಿ ದೊಡ್ಡ ಅಕ್ಷರ ಸಣ್ಣ ಅಕ್ಷರ ಬೇರೆ ಅಂತ ಲೆಕ್ಕ. ತಂತ್ರಾಂಶ ಬೇಕಾದರೆ ಗೂಗಲ್‌ನಲ್ಲಿ ಹುಡುಕಿ ಎಲ್ಲಿಂದಲೋ ಇಳಿಸುವ ಹಳೆ ಅಭ್ಯಾಸ ಬಿಡಿ, ಮೊದಲು ಸಾಫ್ಟ್‌ವೇರ್ ಮ್ಯಾನೇಜರ್ ನೋಡಿ. ವಿಂಡೋಸ್‌ನ ಇಎಕ್ಸ್‌ಇ ಫೈಲ್ ಇಲ್ಲಿ ಹಾಗೇ ಓಡಲ್ಲ.

ಮೊದಲ ದಿನವೇ ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ತೆರೆದು ವಾರಕ್ಕೊಮ್ಮೆ ವ್ಯವಸ್ಥೆಯ ಪ್ರತಿ ತೆಗೆಯುವಂತೆ ಇಡಿ. ಏನಾದರೂ ಕೆಟ್ಟರೆ ವ್ಯವಸ್ಥೆಯನ್ನು ಹಿಂದೆ ಪ್ರತಿ ತೆಗೆದ ದಿನಕ್ಕೆ ತರಬಹುದು. ಆದರೆ ಅದು ನಿಮ್ಮ ಫೋಟೋ, ಕಡತಗಳ ಬ್ಯಾಕಪ್ ಅಲ್ಲ, ಅವನ್ನು ಬೇರೆಯಾಗೇ ತೆಗೆದಿಡಬೇಕು. ಅಂತರ್ಜಾಲದಲ್ಲಿ ಯಾರೋ ಕೊಟ್ಟ ಕಮಾಂಡ್ ಅರ್ಥ ಗೊತ್ತಿಲ್ಲದೆ ಟರ್ಮಿನಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಗೆ, ಅಂಟಿಸಬೇಡಿ. ಟರ್ಮಿನಲ್ ಮುಟ್ಟದೆಯೇ ಅಕ್ಕ ತಿಂಗಳುಗಳಿಂದ ಕೆಲಸ ಮಾಡುತ್ತಿದ್ದಾಳೆ.

ಮೂರು ವಾರ ಆದ ಮೇಲೆ ಮತ್ತೆ ಆ ಪಟ್ಟಿ ತೆಗೆಯಿರಿ. ಎಲ್ಲ ನಡೆಯುತ್ತಿದೆಯಾ? ಹಾಗಾದರೆ ಲ್ಯಾಪ್‌ಟಾಪ್ ಹಣ ಉಳಿಯಿತು.

ಆದರೂ ಬೇಕೇ ಬೇಕು ಅಂದರೆ

ಪರದೆ ಮಡಚುವ ಕೀಲು ಮುರಿದಿದೆ, ಮಕ್ಕಳು ಇಂಜಿನಿಯರಿಂಗ್ ಸೇರಿದ್ದಾರೆ, ಕಾರಣ ಏನೇ ಇರಲಿ, ಪ್ರೊಸೆಸರ್ ಹೆಸರು ಓದಲು ಕಲಿಯಿರಿ. ಐ5, ಐ7 ಅನ್ನೋದು ಒಂದೇ ನೋಡಬೇಡಿ. ಐ5-8250ಯು ಅಂದರೆ ಎಂಟನೇ ತಲೆಮಾರು, ಐ5-1235ಯು ಅಂದರೆ ಹನ್ನೆರಡನೆಯದು. ಹಳೆ ಐ7ಗಿಂತ ಹೊಸ ಐ3 ಚೆನ್ನಾಗಿರುವುದುಂಟು. ಎಎಂಡಿ ಕಂಪನಿಯ ರೈಜನ್ 7000 ಸಾಲಿನಲ್ಲಿ ಮೂರನೇ ಅಂಕಿ ನೋಡಬೇಕು: 7520ಯು ಒಳಗಿರುವುದು ಹಳೆಯ ಝೆನ್ 2 ವಿನ್ಯಾಸ, 7530ಯು ಒಳಗೆ ಝೆನ್ 3. ಡಬ್ಬಿ ಮೇಲೆ ಎರಡೂ ಹೊಸದರಂತೆಯೇ ಕಾಣುತ್ತವೆ.

ಮಿಂಟ್ ಹಾಕುವ ಮನಸ್ಸಿದ್ದರೆ ಸ್ನಾಪ್‌ಡ್ರಾಗನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಬೇಡ, ಎಂ ಚಿಪ್‌ನ ಮ್ಯಾಕ್‌ಬುಕ್ಕೂ ಬೇಡ. ಮಿಂಟ್ ನಡೆಯುವುದು ಇಂಟೆಲ್, ಎಎಂಡಿ ಮೇಲೆ. ಡಾಸ್ ಅಂತ ಬರೆದಿರುವ, ವಿಂಡೋಸ್ ಇಲ್ಲದ ಮಾಡೆಲ್ ಸಿಕ್ಕರೆ ಕೇಳಿ ನೋಡಿ, ವಿಂಡೋಸ್ ಬೆಲೆ ಯಾಕೆ ಕೊಡಬೇಕು?

ರಾಮ್ 8 ಜಿಬಿಗಿಂತ ಕಡಿಮೆ ಬೇಡ, ಮತ್ತು ಇನ್ನೊಂದು ಸ್ಲಾಟ್ ಇದೆಯಾ ಅಥವಾ ಬೋರ್ಡ್‌ಗೇ ಬೆಸುಗೆ ಹಾಕಿದ್ದಾರಾ ಕೇಳಿ. ಇಎಂಎಂಸಿ ಅಂತ ಬರೆದಿರುವ ಸ್ಟೋರೇಜ್ ಬೇಡ, ಎಸ್‌ಎಸ್‌ಡಿಗಿಂತ ನಿಧಾನ. ಪರದೆ 1920x1080, ಐಪಿಎಸ್ ಅನ್ನೋ ಬಗೆಯದು ಇರಲಿ. 1366x768 ಪರದೆಯಲ್ಲಿ ಇಂಗ್ಲಿಷ್ ಹೇಗೋ ಓದಬಹುದು, ನಮ್ಮ ಒತ್ತಕ್ಷರಗಳು ಚಿಕ್ಕ ಗಾತ್ರದಲ್ಲಿ ಮಸುಕಾಗಿ ಕಣ್ಣು ನೋಯುತ್ತದೆ. ದಿನವಿಡೀ ಕನ್ನಡ ಓದುವವರು ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಇಳಿದರೂ ಪರವಾಗಿಲ್ಲ, ಪರದೆಯಲ್ಲಿ ಇಳಿಯಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಲು ನಾನು ಹೆದರುವುದಿಲ್ಲ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಇವು 14 ಇಂಚಿನವು, ಸಾಮಾನ್ಯವಾಗಿ ಎಂಟನೇ ತಲೆಮಾರು, ಗಟ್ಟಿ ಮೈ, ಲಿನಕ್ಸ್‌ಗೂ ಹೊಂದುತ್ತವೆ. ವಿಂಡೋಸ್ 11 ಬೇಕಾದರೆ ಅದೂ ನಡೆಯುತ್ತದೆ. ಒಂದೇ ಮಾಡೆಲ್‌ನಲ್ಲಿ ಕಡಿಮೆ ದರ್ಜೆಯ ಪರದೆಯೂ ಬಂದಿರುತ್ತದೆ, ಹೆಸರು ನೋಡಿ ಮೋಸಹೋಗಬೇಡಿ. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆ ಗೊತ್ತೇ ಇದೆ. ಮೂರು ಅಂಗಡಿಯಲ್ಲಾದರೂ ಬೆಲೆ ಕೇಳಿ, ಭಾನುವಾರ ಹೋಗಬೇಡಿ.

ಹೋಗುವಾಗ ಆ ಮಿಂಟ್ ಪೆನ್‌ಡ್ರೈವ್ ಜೇಬಿನಲ್ಲಿರಲಿ. ಅಂಗಡಿಯಲ್ಲೇ ಅದರಿಂದ ಬೂಟ್ ಮಾಡಿಸಿ. ವೈಫೈ, ಸೌಂಡ್, ಕ್ಯಾಮೆರಾ, ಎಲ್ಲ ಯುಎಸ್‌ಬಿ ಕಿಂಡಿ ನೋಡಿ, ಖಾಲಿ ಕಡತ ತೆರೆದು ಒಂದೊಂದೇ ಕೀ ಒತ್ತಿ. ಪವರ್ ಸ್ಟಾಟಿಸ್ಟಿಕ್ಸ್ ತೆರೆದರೆ ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ ಎರಡು ಸಂಖ್ಯೆ ಕಾಣುತ್ತವೆ. ಎರಡನೆಯದು ಮೊದಲಿನದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಲೆಕ್ಕಕ್ಕೆ ಹಿಡಿದು ಚೌಕಾಸಿ ಮಾಡಿ.

ಕಡೆಯದಾಗಿ ಬಯೋಸ್, ಅಂದರೆ ವಿಂಡೋಸ್ ಅಥವಾ ಮಿಂಟ್ ಶುರುವಾಗುವ ಮುಂಚೆ ಬರುವ ಯಂತ್ರದ ಮೂಲ ಸೆಟ್ಟಿಂಗ್, ಒಳಗೆ ಹೋಗಿ ಪಾಸ್‌ವರ್ಡ್ ಕೇಳುತ್ತಾ ನೋಡಿ. ನಾನು ಹಿಂದೊಮ್ಮೆ ಇದನ್ನು ನೋಡದೆ ಒಂದು ಲ್ಯಾಪ್‌ಟಾಪ್ ತಂದೆ. ಮನೆಗೆ ಬಂದು ಪೆನ್‌ಡ್ರೈವ್ ಚುಚ್ಚಿದರೆ ಬಯೋಸ್ ಪಾಸ್‌ವರ್ಡ್ ಕೇಳಿತು, ಹಳೆ ಕಂಪನಿಯವರು ಹಾಕಿದ್ದು. ಅಂಗಡಿಯವರಿಗೂ ಗೊತ್ತಿರಲಿಲ್ಲ, ಹಣ ವಾಪಸ್ ಬರಲು ಎರಡು ವಾರ ಓಡಾಡಿದೆ. ಬಿಲ್ ಇದ್ದದ್ದಕ್ಕೆ ಬಂತು. ಬಿಲ್ ಮೇಲೆ ಲ್ಯಾಪ್‌ಟಾಪ್ ತಳದಲ್ಲಿರುವ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಎಷ್ಟು ದಿನದ ಗ್ಯಾರಂಟಿ ಅಂತಲೂ ಬರೆಸಿ. ಹಾಗೆಲ್ಲ ಬರೆಯಲ್ಲ ಅಂದರೆ ಅಲ್ಲಿಂದ ಎದ್ದು ಪಕ್ಕದ ಅಂಗಡಿಗೆ ಹೋಗಿ.